ಮೆಥಡಾಲಜಿ ಅಧ್ಯಾಯ ವಾಪಸ್ ಬಂತು: ‘ಇದರಲ್ಲಿ ನಿನ್ನ ಕೆಲಸ ಎಲ್ಲಿದೆ?’

ಕರಾವಿನ ಮನೆ, ಮುಳಬಾಗಿಲು

ಎಲ್ಲರಿಗೂ ನಮಸ್ಕಾರ. ನಾನು ಕೋಲಾರದಲ್ಲಿ ಎಂ.ಎ. ಅರ್ಥಶಾಸ್ತ್ರ ಕೊನೆಯ ಸೆಮಿಸ್ಟರ್ ಓದುತ್ತಿದ್ದೇನೆ. ಡಿಸರ್ಟೇಶನ್ ವಿಷಯ ಮುಳಬಾಗಿಲು ತಾಲ್ಲೂಕಿನ ಹೈನುಗಾರಿಕೆ ಮತ್ತು ಹೆಣ್ಣುಮಕ್ಕಳ ದುಡಿಮೆ. ಮನೆಯ ಹೆಂಗಸರು ಹಸುವಿಗಾಗಿ ದಿನಕ್ಕೆ ಎಷ್ಟು ಹೊತ್ತು ದುಡಿಯುತ್ತಾರೆ, ಹಾಲಿನ ದುಡ್ಡು ಯಾರ ಕೈಗೆ ಹೋಗುತ್ತದೆ ಅನ್ನೋದು ನನ್ನ ಪ್ರಶ್ನೆ.

ಮೂರನೇ ಅಧ್ಯಾಯ ಸಂಶೋಧನಾ ವಿಧಾನ. 14 ಪುಟ ಬರೆದು ಕೊಟ್ಟಿದ್ದೆ. ನಿನ್ನೆ ಗೈಡ್ ವಾಪಸ್ ಕೊಟ್ಟರು. ಮೊದಲ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಇಷ್ಟೇ ಇತ್ತು: “ಇದು ಪಠ್ಯಪುಸ್ತಕ. ಇದರಲ್ಲಿ ನಿನ್ನ ಕೆಲಸ ಎಲ್ಲಿದೆ?”

ನಾನು ಬರೆದಿದ್ದು ಇವು. ಸಂಶೋಧನೆ ಎಂದರೇನು, ಅದರ ವ್ಯಾಖ್ಯೆಗಳು, ಪ್ರಾಥಮಿಕ ಮತ್ತು ದ್ವಿತೀಯ ದತ್ತಾಂಶದ ವ್ಯತ್ಯಾಸ, ಮಾದರಿ ಆಯ್ಕೆಯ ವಿಧಗಳು, ಒಳ್ಳೆಯ ಪ್ರಶ್ನಾವಳಿಯ ಲಕ್ಷಣಗಳು. ಸೀನಿಯರ್‌ಗಳ ಡಿಸರ್ಟೇಶನ್ ನೋಡಿಕೊಂಡೇ ಬರೆದೆ, ಎಲ್ಲದರಲ್ಲೂ ಹೀಗೇ ಇತ್ತು. ಕೊನೆಯ ಅರ್ಧ ಪುಟದಲ್ಲಿ “ಆರು ಹಳ್ಳಿಗಳಿಂದ 120 ಜನರನ್ನು ಯಾದೃಚ್ಛಿಕ ಮಾದರಿ ವಿಧಾನದಿಂದ ಆಯ್ಕೆ ಮಾಡಿಕೊಳ್ಳಲಾಗುವುದು, ಪ್ರಶ್ನಾವಳಿಯ ಮೂಲಕ ಮಾಹಿತಿ ಸಂಗ್ರಹಿಸಲಾಗುವುದು” ಅಂತ ಇದೆ.

ಸರ್ವೆ ಮುಗಿದು ಒಂದೂವರೆ ತಿಂಗಳಾಯಿತು. ಬೆಳಿಗ್ಗೆ ಆರರಿಂದ ಏಳೂವರೆವರೆಗೆ ಡೈರಿ ಹತ್ತಿರ ನಿಂತು, ಹಾಲು ಹಾಕಲು ಬಂದವರನ್ನು ಮಾತಾಡಿಸಿ, ಒಂದೊಂದು ಊರಲ್ಲಿ 20 ಜನರ ಫಾರಂ ತುಂಬಿಸಿದ್ದೇನೆ. ಇನ್ನು 18 ದಿನದಲ್ಲಿ ಅಧ್ಯಾಯ ಮತ್ತೆ ಕೊಡಬೇಕು. ಎಲ್ಲಿಂದ ಶುರು ಮಾಡಲಿ?

ನಿವೃತ್ತ ಮೇಷ್ಟ್ರು, ತುಮಕೂರು

ನೋಡಮ್ಮ, ಕೆಂಪು ಸಾಲಿಗೆ ಬೇಜಾರು ಮಾಡಿಕೊಳ್ಳಬೇಡ. ಓದದೆ ಸಹಿ ಹಾಕುವವರೂ ಇರುತ್ತಾರೆ. ನಿನ್ನ ಗೈಡ್ ಓದಿದ್ದಾರೆ.

ನಾನು ಸಮಾಜಶಾಸ್ತ್ರ ಪಾಠ ಮಾಡಿದವನು. ವರ್ಷ ವರ್ಷ ಪ್ರಾಜೆಕ್ಟ್ ತಿದ್ದಿದ್ದೇನೆ. ವಿಷಯ ಬೇರೆ ಬೇರೆ, ಮೂರನೇ ಅಧ್ಯಾಯ ಮಾತ್ರ ಒಂದೇ. ಸಂಶೋಧನೆ ಎಂದರೇನು ಅಂತ ಪರೀಕ್ಷಕರಿಗೆ ಹೇಳಿಕೊಡಬೇಕಾಗಿಲ್ಲ ಅಲ್ವಾ? ನೀನು ಯಾವ ಊರಿಗೆ ಹೋದೆ, ಆ ಊರೇ ಯಾಕೆ, ಯಾರನ್ನು ಕೇಳಿದೆ, ಯಾರನ್ನು ಬಿಟ್ಟೆ, ಏನು ಕೇಳಿದೆ, ಉತ್ತರವನ್ನು ಹೇಗೆ ಲೆಕ್ಕಕ್ಕೆ ತಂದೆ, ಇದು ಅವರಿಗೆ ಗೊತ್ತಿಲ್ಲ. ನಿನ್ನ ಅಧ್ಯಾಯ ಓದಿ ಮುಂದಿನ ವರ್ಷ ಇನ್ನೊಬ್ಬಳು ಅದೇ ಕೆಲಸ ಮತ್ತೆ ಮಾಡುವ ಹಾಗಿರಬೇಕು.

ಮಕ್ಕಳಿಗೆ ನಾನು ಹೇಳುತ್ತಿದ್ದುದು ಇದು. ಒಂದೊಂದು ವಾಕ್ಯವನ್ನೂ ಎತ್ತಿ ನೋಡು. ಪಾವಗಡದ ಕಡಲೆಕಾಯಿ ಬೆಳೆಗಾರರ ಬಗ್ಗೆ ಬರೆಯುವವನು ಇದನ್ನು ಒಂದಕ್ಷರ ಬದಲಾಯಿಸದೆ ಹಾಕಿಕೊಳ್ಳಬಹುದಾ? ಹಾಕಿಕೊಳ್ಳಬಹುದು ಅನ್ನಿಸಿದರೆ ಹೊಡೆದುಹಾಕು. ನಿನ್ನ 14 ಪುಟದಲ್ಲಿ ಉಳಿಯೋದು ಅರ್ಧ ಪುಟ. ನಿನ್ನ ಪೋಸ್ಟಿನ ಕೊನೆಯ ಪ್ಯಾರಾ ಪೂರ್ತಿ ಉಳಿಯುತ್ತದೆ. “ಬೆಳಿಗ್ಗೆ ಆರರಿಂದ ಏಳೂವರೆವರೆಗೆ ಡೈರಿ ಹತ್ತಿರ ನಿಂತು” ಅಂತ ಇಲ್ಲಿ ಬರೆದೆಯಲ್ಲ, ಅದನ್ನು ಅಧ್ಯಾಯದಲ್ಲಿ ಯಾಕೆ ಬರೆಯಲಿಲ್ಲ? ಅಲ್ಲಿಂದಲೇ ಶುರು ಮಾಡು.

ಇನ್ನೊಂದು ಮಾತು. “ಆಯ್ಕೆ ಮಾಡಿಕೊಳ್ಳಲಾಗುವುದು” ಅನ್ನೋದು ಸಿನಾಪ್ಸಿಸ್‌ನಿಂದ ಹಾಗೇ ಬಂದಿದೆ. ಸಿನಾಪ್ಸಿಸ್ ಬರೆದಾಗ ಕೆಲಸ ಮುಂದಿತ್ತು. ಈಗ ಮುಗಿದಿದೆ. ಇಡೀ ಅಧ್ಯಾಯ ಭೂತಕಾಲಕ್ಕೆ ಬರಬೇಕು.

ಫಾರಂ ತುಂಬಿದ್ದು ಯಾರು? ಅವರೇ ಬರೆದರಾ, ನೀನು ಕೇಳಿ ಬರೆದುಕೊಂಡೆಯಾ?

ಕರಾವಿನ ಮನೆ, ಮುಳಬಾಗಿಲು

ಸರ್, ನಾನೇ ಕೇಳಿ ಬರೆದುಕೊಂಡೆ. ಕೈಯಲ್ಲಿ ಕ್ಯಾನ್ ಇರುತ್ತಿತ್ತು, ಅವರು ಬರೆಯುವ ಹಾಗೆ ಇರಲಿಲ್ಲ.

ನಿವೃತ್ತ ಮೇಷ್ಟ್ರು, ತುಮಕೂರು

ಹಾಗಾದರೆ ಅದು ಪ್ರಶ್ನಾವಳಿ ಅಲ್ಲ, ಸಂದರ್ಶನ ಅನುಸೂಚಿ. ಉತ್ತರ ಕೊಡುವವರು ತಾವೇ ಓದಿ ತುಂಬಿದರೆ ಪ್ರಶ್ನಾವಳಿ. ನಾವು ಎದುರು ನಿಂತು ಕೇಳಿ ಬರೆದುಕೊಂಡರೆ ಅನುಸೂಚಿ. ವೈವಾದಲ್ಲಿ ಇದನ್ನು ಕೇಳಿಯೇ ಕೇಳುತ್ತಾರೆ. ಹೆಸರಿನ ವ್ಯತ್ಯಾಸ ಅಂತ ಬಿಡಬೇಡ. ನೀನು ಕೇಳಿದ ರೀತಿ, ಪಕ್ಕದಲ್ಲಿ ಯಾರಿದ್ದರು ಅನ್ನೋದು ಉತ್ತರವನ್ನು ಬದಲಾಯಿಸುತ್ತದೆ. ಅದನ್ನೂ ಬರೆಯಬೇಕು.

ಲೆಕ್ಕದ ಮೇಡಂ, ಚಿಂತಾಮಣಿ

ನಾನು ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. ‘ಯಾದೃಚ್ಛಿಕ’ ಅನ್ನುವ ಪದ ನೋಡಿ ನಿಂತೆ.

ಯಾದೃಚ್ಛಿಕ ಅಂದರೆ ಕೈಗೆ ಸಿಕ್ಕವರು ಅಂತ ಅರ್ಥ ಅಲ್ಲ. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಇರಬೇಕು, ಆ ಅವಕಾಶ ಎಷ್ಟು ಅಂತ ನಮಗೆ ಗೊತ್ತಿರಬೇಕು. ಚೀಟಿ ಎತ್ತಿದರೋ, ಯಾದೃಚ್ಛಿಕ ಸಂಖ್ಯೆಗಳ ಪಟ್ಟಿ ಬಳಸಿದರೋ, ಆ ಥರ ಏನಾದರೂ ಇರಬೇಕು. ನೀವು ಮಾಡಿದ್ದು ಅನುಕೂಲದ ಮಾದರಿ. ಆ ಹೊತ್ತಿಗೆ ಅಲ್ಲಿಗೆ ಬಂದವರು, ಮಾತಾಡಲು ಒಪ್ಪಿದವರು. ಹಾಗೆ ಮಾಡಬಾರದು ಅಂತೇನಿಲ್ಲ. ಆದರೆ ಮಾಡಿದ್ದಕ್ಕೆ ಅದರದ್ದೇ ಹೆಸರು ಕೊಡಬೇಕು.

ಆರು ಊರಿನ ಹಾಲು ಉತ್ಪಾದಕರ ಸಂಘ ಸೇರಿ ಒಟ್ಟು ಸದಸ್ಯರು ಎಷ್ಟು?

ಕರಾವಿನ ಮನೆ, ಮುಳಬಾಗಿಲು

ಪಟ್ಟಿ ತಗೊಂಡಿದ್ದೆ ಮೇಡಂ. ಆರೂ ಸೇರಿ 720.

ಎರಡನೇ ಸೆಮಿಸ್ಟರ್, ಗೌರಿಬಿದನೂರು

ಅಕ್ಕ, ಮಾದರಿಗೆ ಎಷ್ಟು ಜನ ಬೇಕು ಅಂತ ಲೆಕ್ಕ ಹಾಕುವ ಯಮಾನೆ ಸೂತ್ರ ಇದೆಯಲ್ಲ, ಅದನ್ನು ಹಾಕಿ ತೋರಿಸಿಬಿಡಿ. ನಮ್ಮ ಸೀನಿಯರ್‌ಗಳೆಲ್ಲ ಹಾಕುತ್ತಾರೆ. ಸೂತ್ರ ಇದ್ದರೆ ಯಾರೂ ಕೇಳಲ್ಲ.

ಲೆಕ್ಕದ ಮೇಡಂ, ಚಿಂತಾಮಣಿ

ಹಾಕಿ ನೋಡೋಣಪ್ಪ. ಒಟ್ಟು ಸಂಖ್ಯೆಯನ್ನು, 1 ಕೂಡಿಸು ಒಟ್ಟು ಸಂಖ್ಯೆ ಗುಣಿಸು ದೋಷದ ವರ್ಗ, ಇದರಿಂದ ಭಾಗಿಸಬೇಕು. 5% ದೋಷ ಅಂದರೆ 0.05, ಅದರ ವರ್ಗ 0.0025. 720 ಗುಣಿಸು 0.0025 ಅಂದರೆ 1.8, ಅದಕ್ಕೆ 1 ಕೂಡಿಸಿದರೆ 2.8. 720ನ್ನು 2.8ರಿಂದ ಭಾಗಿಸಿದರೆ 257. ಇವರ ಹತ್ತಿರ ಇರುವುದು 120. ಈಗ 120ಕ್ಕೆ ಹೊಂದಲಿ ಅಂತ ಹಿಂದಕ್ಕೆ ಲೆಕ್ಕ ಹಾಕಿದರೆ ದೋಷ ಸುಮಾರು 8.3% ಬರುತ್ತದೆ. ಕೆಲವರು ಈ ಸಂಖ್ಯೆ ಹುಡುಕಿ, “8.3% ದೋಷಕ್ಕೆ ಮೊದಲೇ ನಿರ್ಧರಿಸಲಾಯಿತು” ಅಂತ ಬರೆದುಬಿಡುತ್ತಾರೆ. ಅದು ಸುಳ್ಳು. ಯಾರೂ 8.3 ಅಂತ ಮೊದಲೇ ನಿರ್ಧರಿಸುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಈ ಸೂತ್ರ ಸರಳ ಯಾದೃಚ್ಛಿಕ ಮಾದರಿಗೆ ಮಾತ್ರ. ಡೈರಿ ಮುಂದೆ ನಿಂತು ಹಿಡಿದ 257 ಜನ ಇದ್ದರೂ ಅದು ಹೊಂದುವುದಿಲ್ಲ. ಮಾದರಿ ದೊಡ್ಡದಾದ ಮಾತ್ರಕ್ಕೆ ಓರೆ ಹೋಗಲ್ಲ. ತಕ್ಕಡಿಯೇ ಓರೆ ಇದ್ದರೆ ನೂರು ಸಲ ತೂಗಿದರೂ ಅದೇ ತಪ್ಪು ತೂಕ.

ಡೈರಿ ಕಾರ್ಯದರ್ಶಿ, ಮಾಲೂರು ತಾಲ್ಲೂಕು

ನಾನು ಓದಿದ್ದು ಪಿಯುಸಿ. ಸೂತ್ರ ಗೊತ್ತಿಲ್ಲ. ಆದರೆ ಹದಿನಾರು ವರ್ಷದಿಂದ ಬೆಳಿಗ್ಗೆ ಸಂಜೆ ಹಾಲು ಅಳೆಸಿಕೊಳ್ಳುತ್ತಿದ್ದೇನೆ. ಈ ಹುಡುಗಿ ಡೈರಿ ಹತ್ತಿರ ನಿಂತಿದ್ದರು ಅಂತ ಓದಿ ಬರೆಯಬೇಕು ಅನ್ನಿಸಿತು.

ಡೈರಿಗೆ ಹಾಲು ತರುವವರು ಯಾರು ಅಂತ ಸ್ವಲ್ಪ ನೋಡಿ ತಾಯಿ. ಗಂಡ ಗಾಡಿಯಲ್ಲಿ ತರುತ್ತಾನೆ. ಹಾಗೇ ಹೋಟೆಲಿನ ಹತ್ತಿರ ನಿಂತು ಟೀ ಕುಡಿದು ಹೋಗುತ್ತಾನೆ. ಕೆಲವು ಮನೆಯಿಂದ ಸ್ಕೂಲಿಗೆ ಹೋಗುವ ಹುಡುಗ ತರುತ್ತಾನೆ. ಹಾಲು ಕರೆದ ಹೆಂಗಸು ಆ ಹೊತ್ತಿಗೆ ಎಲ್ಲಿರುತ್ತಾಳೆ? ಕೊಟ್ಟಿಗೆಯಲ್ಲಿ. ಸಗಣಿ ಬಾಚುತ್ತಿರುತ್ತಾಳೆ, ಇಲ್ಲ ಮಕ್ಕಳಿಗೆ ತಿಂಡಿ ಮಾಡುತ್ತಿರುತ್ತಾಳೆ. ನಮ್ಮ ಮನೆಯಲ್ಲೂ ಹಾಗೇ. ನಾನು ಇಲ್ಲಿ ಹಾಲಿನ ಫ್ಯಾಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ಚೀಟಿ ಕೊಡುತ್ತಿರುತ್ತೇನೆ, ಅಲ್ಲಿ ನನ್ನ ಹೆಂಡತಿ ಮೂರು ಹಸು ನೋಡಿಕೊಳ್ಳುತ್ತಾಳೆ.

ಇನ್ನು ಪುಸ್ತಕದಲ್ಲಿರುವ ಹೆಸರು. ಸದಸ್ಯತ್ವ ಜಾಸ್ತಿ ಗಂಡಸರ ಹೆಸರಲ್ಲೇ ಇರುತ್ತದೆ. ಬ್ಯಾಂಕ್ ಖಾತೆಯೂ ಅವರದ್ದೇ, ದುಡ್ಡು ಅಲ್ಲಿಗೇ ಬೀಳುತ್ತದೆ. ಮಹಿಳಾ ಸಂಘ ಇರುವ ಊರಲ್ಲಿ ಲೆಕ್ಕ ಬೇರೆ. ಅಲ್ಲಿ ಸದಸ್ಯರು ಹೆಂಗಸರು, ಖಾತೆಯೂ ಅವರದ್ದು. ನಿಮ್ಮ ಆರು ಊರಲ್ಲಿ ಮಹಿಳಾ ಸಂಘ ಎಷ್ಟು, ಉಳಿದದ್ದು ಎಷ್ಟು ಅಂತ ಬರೆದಿದ್ದೀರಾ? ಬರೆಯದಿದ್ದರೆ ಎರಡನ್ನೂ ಒಂದೇ ಪಾತ್ರೆಗೆ ಸುರಿದ ಹಾಗೆ.

ಹಾಲನ್ನು ಖಾಸಗಿ ಡೈರಿಗೆ ಹಾಕುವವರು ಇದ್ದಾರೆ. ಹೋಟೆಲಿಗೆ, ಮನೆಮನೆಗೆ ಕೊಡುವವರು ಇದ್ದಾರೆ. ಹಸು ಬತ್ತಿದ ಮನೆಯವರು ಎರಡು ಮೂರು ತಿಂಗಳು ನಮ್ಮ ಕಡೆ ತಲೆ ಹಾಕಲ್ಲ. ಅವರ ಹೆಸರು ಪುಸ್ತಕದಲ್ಲಿ ಇದ್ದೇ ಇರುತ್ತದೆ. ಹಾಲು ಬರದಿದ್ದರೂ ಹಸುವಿಗೆ ಮೇವು ನೀರು ನಿಲ್ಲುತ್ತದಾ? ಆ ಹೆಂಗಸಿಗೆ ಕೆಲಸ ಅಷ್ಟೇ ಇರುತ್ತದೆ, ದುಡ್ಡು ಮಾತ್ರ ಇರಲ್ಲ. ಡೈರಿ ಮುಂದೆ ನಿಂತರೆ ಅವಳು ನಿಮಗೆ ಸಿಗುವುದೇ ಇಲ್ಲ.

ಕರಾವಿನ ಮನೆ, ಮುಳಬಾಗಿಲು

ಅಣ್ಣ, ನಿಮ್ಮದು ಓದಿ ರಾತ್ರಿ ಫಾರಂ ಎಲ್ಲ ತೆಗೆದು ಎಣಿಸಿದೆ. 120ರಲ್ಲಿ 67 ಜನ ಗಂಡಸರು. “ನಿಮ್ಮ ಮನೆಯ ಮಹಿಳೆಯರು ದಿನಕ್ಕೆ ಎಷ್ಟು ಗಂಟೆ ಹಸುವಿನ ಕೆಲಸ ಮಾಡುತ್ತಾರೆ” ಅನ್ನುವ ಪ್ರಶ್ನೆಗೆ ಅವರು ತಮ್ಮ ಹೆಂಡತಿಯ ಪರವಾಗಿ ಉತ್ತರ ಕೊಟ್ಟಿದ್ದಾರೆ. ಬಹಳ ಜನ ಒಂದು ಗಂಟೆ, ಎರಡು ಗಂಟೆ ಅಂದಿದ್ದಾರೆ. ನಾನು ಅದನ್ನೇ ಸರಾಸರಿ ಮಾಡಿ ಟೇಬಲ್ ಹಾಕಿದ್ದೆ.

ಆರರಲ್ಲಿ ಒಂದು ಮಹಿಳಾ ಸಂಘ. ಅದನ್ನು ಎಲ್ಲೂ ಬರೆದಿಲ್ಲ.

ನಮ್ಮ ಮನೆಯಲ್ಲೂ ಎರಡು ಕರಾವು ಇವೆ. ಅಮ್ಮ ನಾಲ್ಕೂವರೆಗೆ ಏಳುತ್ತಾರೆ. ಅಪ್ಪನನ್ನು ಕೇಳಿದ್ದರೆ ಎರಡು ಗಂಟೆ ಅಂತಲೇ ಹೇಳುತ್ತಿದ್ದರೇನೋ. ಇಷ್ಟು ದಿನ ಇದು ಯಾಕೆ ಹೊಳೆಯಲಿಲ್ಲ ಅಂತ ತುಂಬ ಸಂಕಟ ಆಗುತ್ತಿದೆ. ಸರ್ವೆ ಪೂರ್ತಿ ಹಾಳಾಯಿತಾ?

ನಿವೃತ್ತ ಮೇಷ್ಟ್ರು, ತುಮಕೂರು

ಹಾಳಾಗಿಲ್ಲ. ಹಾಲು ಯಾರು ತರುತ್ತಾರೆ, ಖಾತೆ ಯಾರ ಹೆಸರಲ್ಲಿದೆ, ಎಷ್ಟು ಲೀಟರ್ ಹಾಕುತ್ತಾರೆ, ಇವಕ್ಕೆ ನಿನ್ನ 120 ಫಾರಂ ಚೆನ್ನಾಗಿಯೇ ಉತ್ತರ ಕೊಡುತ್ತವೆ. ಹೆಂಗಸರ ದುಡಿಮೆಯ ಹೊತ್ತಿಗೆ ಮಾತ್ರ ಅವು ಸಾಲವು. ಯಾವ ಪ್ರಶ್ನೆಗೆ ಯಾವ ದತ್ತಾಂಶ ಅಂತ ಬಿಡಿಸಿ ನೋಡು.

ಗೂಡು ನೂಲು, ಶಿಡ್ಲಘಟ್ಟ

ನಾನು ಇಲ್ಲಿನ ನೂಲು ಬಿಚ್ಚಾಣಿಕೆ ಘಟಕಗಳಲ್ಲಿ ಕೆಲಸ ಮಾಡುವವರ ಬಗ್ಗೆ ಪಿಎಚ್.ಡಿ. ಮಾಡುತ್ತಿದ್ದೇನೆ. ದುಡಿಮೆಯ ಹೊತ್ತು ಅಳೆಯುವ ಕಷ್ಟ ನನಗೂ ಬಂತು, ಅದಕ್ಕೇ ಬರೆಯುತ್ತಿದ್ದೇನೆ.

“ದಿನಕ್ಕೆ ಎಷ್ಟು ಗಂಟೆ” ಅಂತ ನೇರವಾಗಿ ಕೇಳಬೇಡಿ. ಹೆಂಗಸರನ್ನೇ ಕೇಳಿದರೂ ಸರಿಯಾದ ಉತ್ತರ ಬರಲ್ಲ. ರೇಷ್ಮೆ ಸಾಕುವ ಮನೆಯಲ್ಲಿ ಒಬ್ಬ ತಾಯಿಯನ್ನು “ನೀವು ಕೆಲಸ ಮಾಡ್ತೀರಾ?” ಅಂತ ಕೇಳಿದೆ. “ಇಲ್ಲಪ್ಪ, ಮನೇಲೇ ಇರ್ತೀನಿ” ಅಂದರು. ಹಾಗಂದವರು ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಕೂತಿದ್ದರು. ಕೆಲಸ ಅಂದರೆ ಅವರ ಮಟ್ಟಿಗೆ ಕೂಲಿಗೆ ಹೋಗುವುದು.

ದೇಶದ ಮಟ್ಟದಲ್ಲಿ 2019ರಲ್ಲಿ ಸಮಯ ಬಳಕೆ ಸಮೀಕ್ಷೆ ಮಾಡಿದರಲ್ಲ, ಅವರ ದಾರಿ ನೋಡಿ. ಸಂದರ್ಶನದ ಹಿಂದಿನ ದಿನ ಬೆಳಗಿನ ಜಾವ 4 ಗಂಟೆಯಿಂದ ಆ ದಿನ ಬೆಳಗಿನ ಜಾವ 4 ಗಂಟೆವರೆಗೆ, ಅರ್ಧ ಅರ್ಧ ಗಂಟೆಯಾಗಿ, ಏನು ಮಾಡಿದಿರಿ ಅಂತ ಕೇಳಿ ಬರೆದುಕೊಂಡರು. ‘ಸಾಮಾನ್ಯವಾಗಿ ಏನು ಮಾಡ್ತೀರಿ’ ಅಂತ ಕೇಳಿದರೆ ಜನ ನೆನಪಿನಿಂದ ಒಂದು ಅಂದಾಜು ಹೇಳುತ್ತಾರೆ. ‘ನಿನ್ನೆ ಎದ್ದ ಮೇಲೆ ಮೊದಲು ಏನು ಮಾಡಿದಿರಿ, ಆಮೇಲೆ’ ಅಂತ ಕೇಳಿದರೆ ದಿನ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಗಡಿಯಾರ ನೋಡಿ ಯಾರೂ ಕೆಲಸ ಮಾಡಲ್ಲ. ನಾನು ಊರಿನ ಗುರುತು ಹಿಡಿದುಕೊಂಡೆ. ಹಾಲಿನ ಗಾಡಿ ಬರುವ ಮುಂಚೆಯಾ ಆಮೇಲೆಯಾ, ಸ್ಕೂಲ್ ವ್ಯಾನ್ ಹೋದ ಮೇಲೆಯಾ, ತ್ರೀ ಫೇಸ್ ಕರೆಂಟ್ ಬಂದಾಗಲಾ. ಯಾವ ಊರಲ್ಲಿ ಯಾವ ಗುರುತು ಎಷ್ಟು ಗಂಟೆಗೆ ಅಂತ ಮೊದಲೇ ವಿಚಾರಿಸಿ ಬರೆದಿಟ್ಟುಕೊಂಡಿದ್ದೆ. ಅದನ್ನು ಅಧ್ಯಾಯದಲ್ಲಿ ಒಂದು ಪ್ಯಾರಾ ಹಾಕಿದ್ದೇನೆ.

ಒಂದೇ ಹೊತ್ತಲ್ಲಿ ಎರಡು ಕೆಲಸ ಇರುತ್ತದೆ. ಒಲೆ ಮೇಲೆ ಅನ್ನ ಇಟ್ಟು ಹಸುವಿಗೆ ಬೂಸಾ ನೆನೆಸುತ್ತಾರೆ. ಆ ಅರ್ಧ ಗಂಟೆಯನ್ನು ಯಾವುದಕ್ಕೆ ಹಾಕುತ್ತೀರಿ? ಎರಡಕ್ಕೂ ಪೂರ್ತಿ ಹಾಕಿದರೆ ದಿನ 24 ಗಂಟೆ ಮೀರುತ್ತದೆ. ಅರ್ಧ ಅರ್ಧ ಹಂಚಿ, ಇಲ್ಲ ಮುಖ್ಯ ಕೆಲಸ ಯಾವುದು ಅಂತ ಅವರನ್ನೇ ಕೇಳಿ. ಯಾವುದನ್ನು ಮಾಡಿದರೂ ಎಲ್ಲರಿಗೂ ಒಂದೇ ಥರ ಮಾಡಿ, ಹಾಗೆ ಮಾಡಿದೆ ಅಂತ ಬರೆಯಿರಿ.

ಲೆಕ್ಕದ ಮೇಡಂ, ಚಿಂತಾಮಣಿ

18 ದಿನ ಇದೆ ಅಂದಿರಿ. 40 ಮನೆ ಆಗುತ್ತದಾ ನೋಡಿ. ದಿನಕ್ಕೆ ಐದು ಮನೆ ಅಂದರೆ ಎಂಟು ದಿನ.

ಆರೂ ಸಂಘದ ಪಟ್ಟಿ ಒಂದರ ಕೆಳಗೆ ಒಂದು ಜೋಡಿಸಿ. ಹಾಲು ನಿಂತಿರುವ ಸದಸ್ಯರನ್ನು ತೆಗೆಯಬೇಡಿ, ಕಾರ್ಯದರ್ಶಿಗಳು ಹೇಳಿದ ಕಾರಣಕ್ಕೇ. ಊರು ಬಿಟ್ಟು ಹೋದವರನ್ನು ಮಾತ್ರ ತೆಗೆಯಿರಿ. ಎಷ್ಟು ತೆಗೆದಿರಿ ಅಂತ ಬರೆದಿಡಿ. ಸದ್ಯಕ್ಕೆ 720 ಅಂತಲೇ ಇಟ್ಟುಕೊಂಡರೆ, 40ರಿಂದ ಭಾಗಿಸಿದರೆ 18. ಒಂದರಿಂದ ಹದಿನೆಂಟರವರೆಗೆ ಚೀಟಿ ಬರೆದು ಒಂದು ಎತ್ತಿ. 7 ಬಂದರೆ 7ನೇ ಮನೆ, 25ನೇ ಮನೆ, 43ನೇ ಮನೆ, ಹೀಗೆ. ಇದು ಕ್ರಮಬದ್ಧ ಮಾದರಿ. ಚೀಟಿ ಎತ್ತಿದ್ದರಿಂದ ಇದಕ್ಕೆ ಯಾದೃಚ್ಛಿಕ ಅನ್ನುವ ಮಾತು ಸಲ್ಲುತ್ತದೆ. ಸದಸ್ಯರ ಮನೆಗೆ ಹೋಗಿ, ಆ ಮನೆಯಲ್ಲಿ ಹಾಲು ಕರೆಯುವವರನ್ನೇ ಮಾತಾಡಿಸಿ.

ಬಾಗಿಲು ಹಾಕಿದ್ದರೆ ಪಕ್ಕದ ಮನೆಗೆ ಹೋಗಬೇಡಿ. ಇನ್ನೊಂದು ದಿನ ಮತ್ತೆ ಹೋಗಿ. ಎರಡು ಸಲವೂ ಸಿಗದಿದ್ದರೆ ‘ಸಿಗಲಿಲ್ಲ’ ಅಂತಲೇ ಬರೆಯಿರಿ. ಕೊನೆಗೆ 36 ಆದರೆ 36.

ಎರಡನೇ ಸೆಮಿಸ್ಟರ್, ಗೌರಿಬಿದನೂರು

ಮೇಡಂ, ಕ್ರೋನ್‌ಬ್ಯಾಕ್ ಆಲ್ಫಾ ಬೇಡವಾ? 0.7 ದಾಟಬೇಕು ಅಂತಾರಲ್ಲ.

ಲೆಕ್ಕದ ಮೇಡಂ, ಚಿಂತಾಮಣಿ

ಇವರಿಗೆ ಬೇಡ. ಒಂದೇ ಮನೋಭಾವವನ್ನು ಅಳೆಯಲು ಹತ್ತು ಹೇಳಿಕೆ ಕೊಟ್ಟು ‘ಒಪ್ಪುತ್ತೇನೆ, ಒಪ್ಪುವುದಿಲ್ಲ’ ಅಂತ ಕೇಳಿದಾಗ ಆ ಹತ್ತೂ ಒಟ್ಟಿಗೆ ಸಾಗುತ್ತವಾ ಅಂತ ನೋಡಲು ಅದು ಇರುವುದು. ಎಷ್ಟು ಹಸು ಇವೆ, ಎಷ್ಟು ಹೊತ್ತಿಗೆ ಎದ್ದಿರಿ ಅನ್ನುವುದಕ್ಕೆ ಆಲ್ಫಾ ಯಾಕೆ? ಬೇಕಿಲ್ಲದ ಪರೀಕ್ಷೆ ಹಾಕಿದರೆ ಅದು ಯಾಕಿದೆ ಅಂತ ತಿಳಿದಿಲ್ಲ ಅನ್ನೋದು ಮಾತ್ರ ಗೊತ್ತಾಗುತ್ತದೆ.

ಗೂಡು ನೂಲು, ಶಿಡ್ಲಘಟ್ಟ

ಮುಳಬಾಗಿಲು ಅಂದಿರಿ. ಯಾವ ಭಾಷೆಯಲ್ಲಿ ಕೇಳಿದಿರಿ?

ಕರಾವಿನ ಮನೆ, ಮುಳಬಾಗಿಲು

ಫಾರಂ ಕನ್ನಡದಲ್ಲಿದೆ. ನಾಲ್ಕು ಊರಲ್ಲಿ ತೆಲುಗಿನಲ್ಲೇ ಕೇಳಿದೆ, ಮನೆಯಲ್ಲಿ ಅವರು ಅದೇ ಮಾತಾಡುವುದು. ನನಗೂ ಬರುತ್ತದೆ. ಅದನ್ನೂ ಬರೆಯಬೇಕಾ?

ಗೂಡು ನೂಲು, ಶಿಡ್ಲಘಟ್ಟ

ಖಂಡಿತ ಬರೆಯಬೇಕು. ನಮ್ಮ ಗಡಿ ತಾಲ್ಲೂಕುಗಳಲ್ಲಿ ಇದನ್ನು ಯಾರೂ ಬರೆಯುವುದಿಲ್ಲ, ನನಗೆ ಅದೇ ಬೇಸರ. ಶಿಡ್ಲಘಟ್ಟದಲ್ಲಿ ನಾನು ಕನ್ನಡ, ತೆಲುಗು, ಉರ್ದು ಮೂರೂ ಬಳಸಬೇಕಾಯಿತು. ಉರ್ದುವಿಗೆ ಗೆಳೆಯನೊಬ್ಬ ಜೊತೆಗಿದ್ದ. ಅನುವಾದ ಸರಿಯಾಗಿದೆಯಾ ಅಂತ ನೋಡಲು, ಅವನು ಉರ್ದುವಿಗೆ ಮಾಡಿದ್ದನ್ನು ಕನ್ನಡ ಫಾರಂ ನೋಡಿರದ ಇನ್ನೊಬ್ಬರ ಕೈಯಲ್ಲಿ ಮತ್ತೆ ಕನ್ನಡಕ್ಕೆ ಮಾಡಿಸಿದೆ. ಎರಡು ಪ್ರಶ್ನೆ ಅರ್ಥವೇ ಬದಲಾಗಿ ವಾಪಸ್ ಬಂದವು.

ನೀವು ತೆಲುಗಿನಲ್ಲಿ ‘ಪನಿಕಿ ಪೋತಾರಾ’ ಅಂತ ಕೇಳಿದ್ದರೆ ಉತ್ತರ ‘ಲೇದು’ ಅಂತಲೇ ಬಂದಿರುತ್ತದೆ. ಕೂಲಿಗೆ ಹೋಗುತ್ತೀರಾ ಅಂತ ಅರ್ಥ ಆಗುತ್ತದೆ. ಮೊದಲು ನಾಲ್ಕೈದು ಮನೆಯಲ್ಲಿ ಕೇಳಿ ನೋಡಿ. ಅರ್ಥ ಆಗದ ಪ್ರಶ್ನೆ ತಿದ್ದಿ. ಆ ನಾಲ್ಕೈದು ಮನೆಯನ್ನು 40ರಲ್ಲಿ ಸೇರಿಸಬೇಡಿ. ಪೂರ್ವಪರೀಕ್ಷೆ ಅನ್ನುವುದು ಇದನ್ನೇ. ಏನು ತಿದ್ದಿದಿರಿ ಅಂತ ಒಂದು ಉದಾಹರಣೆ ಕೊಟ್ಟರೆ ಪರೀಕ್ಷಕರಿಗೆ ನಂಬಿಕೆ ಬರುತ್ತದೆ.

ದ್ವಿತೀಯ ದತ್ತಾಂಶ ಏನಾದರೂ ಬಳಸಿದ್ದೀರಾ?

ಕರಾವಿನ ಮನೆ, ಮುಳಬಾಗಿಲು

ಜಾನುವಾರು ಗಣತಿ. ಕೋಲಾರ ಜಿಲ್ಲೆಯ 2003ರ ಅಂಕಿ ಮತ್ತು 2012ರ ಅಂಕಿ ಪಕ್ಕಪಕ್ಕ ಇಟ್ಟು, ದನಗಳ ಸಂಖ್ಯೆ ತುಂಬ ಕಡಿಮೆ ಆಗಿದೆ ಅಂತ ಬರೆದಿದ್ದೇನೆ.

ಗೂಡು ನೂಲು, ಶಿಡ್ಲಘಟ್ಟ

ಅಯ್ಯೋ, ಅದನ್ನು ಇವತ್ತೇ ತೆಗೆಯಿರಿ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಯಿತು. 2003ರ ಕೋಲಾರ ಜಿಲ್ಲೆಯಲ್ಲಿ 11 ತಾಲ್ಲೂಕು ಇದ್ದವು. ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಆಚೆ ಹೋದ ಮೇಲೆ ಉಳಿದದ್ದು 5. ಕೆಜಿಎಫ್ ಬೇರೆ ತಾಲ್ಲೂಕು ಆಗಿದ್ದು ಆಮೇಲೆ. ದನ ಎಲ್ಲೂ ಹೋಗಿಲ್ಲ, ಗಡಿ ಹೋಗಿದೆ. ಎಂ.ಫಿಲ್.ನಲ್ಲಿ ಹಿಪ್ಪುನೇರಳೆ ವಿಸ್ತೀರ್ಣದ ಬಗ್ಗೆ ನಾನು ಇದೇ ತಪ್ಪು ಬರೆದೆ. ವೈವಾದಲ್ಲಿ ಗೊತ್ತಾಯಿತು. ಆ ದಿನ ಇನ್ನೂ ಮರೆತಿಲ್ಲ. ತಾಲ್ಲೂಕುವಾರು ಅಂಕಿ ತೆಗೆದುಕೊಂಡು, ಎರಡೂ ವರ್ಷಕ್ಕೆ ಅದೇ ಐದು ತಾಲ್ಲೂಕು ಕೂಡಿಸಿ. ಹಾಗೆ ಕೂಡಿಸಿದ್ದೇನೆ ಅಂತ ಮೂರನೇ ಅಧ್ಯಾಯದಲ್ಲಿ ಎರಡು ಸಾಲು ಬರೆಯಿರಿ.

ನಿವೃತ್ತ ಮೇಷ್ಟ್ರು, ತುಮಕೂರು

ಎರಡನೇ ಸೆಮಿಸ್ಟರ್ ಹುಡುಗನಿಗೂ ಒಂದು ಮಾತು. ವ್ಯಾಖ್ಯೆಗಳನ್ನು ಸೀನಿಯರ್ ಡಿಸರ್ಟೇಶನ್‌ನಿಂದ ಎತ್ತಿ ಹಾಕಿದರೆ ಸಾಫ್ಟ್‌ವೇರ್ ಹಿಡಿಯುತ್ತದೆ. 2018ರ ಯುಜಿಸಿ ನಿಯಮದಲ್ಲಿ 10%ವರೆಗಿನ ಹೋಲಿಕೆಗೆ ದಂಡ ಇಲ್ಲ. 10 ದಾಟಿ 40ರ ಒಳಗಿದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. ಡೈರಿ ಮುಂದೆ ತಾನು ಕಂಡಿದ್ದನ್ನು ಬರೆದರೆ ಅದು ಯಾವ ಪುಸ್ತಕಕ್ಕೂ ಹೋಲುವುದಿಲ್ಲ.

ಪಾವಗಡದವನು

ಮಿತಿಗಳ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೆಯುತ್ತೇನೆ. ಎಲ್ಲರೂ “ಸಮಯ ಮತ್ತು ಹಣದ ಅಭಾವದಿಂದ” ಅಂತ ಬರೆಯುತ್ತಾರೆ. ಅದರಿಂದ ಓದುವವರಿಗೆ ಏನೂ ತಿಳಿಯಲ್ಲ. ಯಾರು ಬಿಟ್ಟುಹೋದರು, ಅವರನ್ನು ಸೇರಿಸಿದ್ದರೆ ಉತ್ತರ ಯಾವ ಕಡೆ ವಾಲುತ್ತಿತ್ತು ಅಂತ ಬರೆಯಬೇಕು.

ನಾನು ನಮ್ಮ ಸೋಲಾರ್ ಪಾರ್ಕ್ ಬಗ್ಗೆ ಪ್ರಾಜೆಕ್ಟ್ ಮಾಡಿದೆ. 13,000 ಎಕರೆ, 2,050 ಮೆಗಾವ್ಯಾಟ್, ಐದು ಊರು. ಜಮೀನು ಗುತ್ತಿಗೆ ಕೊಟ್ಟ ರೈತರ ಪಟ್ಟಿ ಇತ್ತು, ಪಟ್ಟಿ ಹಿಡಿದು ಹೋದೆ. ಎಕರೆಗೆ ವರ್ಷಕ್ಕೆ ಇಷ್ಟು ಅಂತ ಬಾಡಿಗೆ ಬರುತ್ತದೆ, ಬಹಳ ಜನ ಪರವಾಗಿಲ್ಲ ಅಂದರು. ಆ ಜಮೀನುಗಳಲ್ಲಿ ಕೂಲಿ ಮಾಡುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬಾಡಿಗೆ ಇಲ್ಲ. ಅವರ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಹಾಗಾಗಿ ನನ್ನ ಸರ್ವೆಯಲ್ಲೂ ಇಲ್ಲ. ‘ಜನರಿಗೆ ಲಾಭ ಆಗಿದೆ’ ಅಂತ ಬರೆದು ಮುಗಿಸಿದೆ. ಈಗ ಬರೆಯುವುದಾದರೆ ‘ಗುತ್ತಿಗೆ ಕೊಟ್ಟವರು ಹೀಗೆ ಹೇಳಿದರು’ ಅಂತ ಅಷ್ಟಕ್ಕೇ ನಿಲ್ಲಿಸುತ್ತೇನೆ.

ನಿಮ್ಮದರಲ್ಲಿ ಖಾಸಗಿ ಡೈರಿಗೆ ಹಾಕುವವರು ಸದಸ್ಯರ ಪಟ್ಟಿಯಲ್ಲಿ ಇರಲ್ಲ. ಅದನ್ನು ಹಾಗೇ ಬರೆಯಿರಿ.

ಡೈರಿ ಕಾರ್ಯದರ್ಶಿ, ಮಾಲೂರು ತಾಲ್ಲೂಕು

ಮನೆಗೆ ಹೋಗುವುದಾದರೆ ಎರಡು ವಿಷಯ. ಕೈಯಲ್ಲಿ ಫಾರಂ ಹಿಡಿದು ಹೋದರೆ ಜನ ಬಿಪಿಎಲ್ ಕಾರ್ಡ್ ರದ್ದು ಮಾಡೋಕೆ ಬಂದವರು ಅಂದುಕೊಳ್ಳುತ್ತಾರೆ. ಹಸು ಎಷ್ಟು ಅಂದರೆ ಒಂದು ಕಡಿಮೆಯೇ ಹೇಳುತ್ತಾರೆ. ಮೊದಲು ಯಾರ ಮಗಳು, ಎಲ್ಲಿ ಓದೋದು, ಯಾಕೆ ಕೇಳ್ತಿದ್ದೀನಿ ಅಂತ ಹೇಳಿ ಕೂತ್ಕೊಳ್ಳಿ. ಆಧಾರ್ ನಂಬರ್, ಫೋನ್ ನಂಬರ್ ಕೇಳಬೇಡಿ. ಬೇಡ ಅಂದರೆ ಎದ್ದು ಬನ್ನಿ.

ಹನ್ನೊಂದರಿಂದ ಮೂರರವರೆಗೆ ಹೋಗಿ. ಬೆಳಿಗ್ಗೆ ಸೀಮೆ ಹುಲ್ಲು ಕೊಯ್ಯಲು ಹೋಗಿರುತ್ತಾರೆ, ನಾಲ್ಕರ ಮೇಲೆ ಮತ್ತೆ ಕರೆಯುವ ಹೊತ್ತು. ಗಂಡಸರು ಇಲ್ಲದ ಹೊತ್ತಿಗೆ ಹೋದರೆ ಇನ್ನೂ ಒಳ್ಳೆಯದು. ಅವರು ಪಕ್ಕದಲ್ಲಿ ಕೂತರೆ ದುಡ್ಡಿನ ವಿಷಯ ಹೆಂಗಸರು ಬಾಯಿ ಬಿಡಲ್ಲ.

ಕರಾವಿನ ಮನೆ, ಮುಳಬಾಗಿಲು

ಗೈಡ್ ಹತ್ತಿರ ಮಾತಾಡಿದೆ. ಒಪ್ಪಿದರು. ಚೀಟಿಯಲ್ಲಿ 11 ಬಂತು. ಊರು ಬಿಟ್ಟವರು ಯಾರೂ ಇರಲಿಲ್ಲ, 720 ಹಾಗೇ ಉಳಿಯಿತು. ಪೂರ್ವಪರೀಕ್ಷೆಗೆ ನಾಲ್ಕು ಮನೆ, ಆಮೇಲೆ ಇವತ್ತಿಗೆ 12 ಮನೆ ಮುಗಿಯಿತು. ಅಧ್ಯಾಯ ಹೀಗೆ ಶುರು ಮಾಡಿದ್ದೇನೆ, ನೋಡಿ ಹೇಳಿ:

“ಈ ಅಧ್ಯಯನದ ಕ್ಷೇತ್ರಕಾರ್ಯ ಎರಡು ಹಂತದಲ್ಲಿ ನಡೆಯಿತು. ಮೊದಲ ಹಂತದಲ್ಲಿ ಮುಳಬಾಗಿಲು ತಾಲ್ಲೂಕಿನ ಆರು ಹಾಲು ಉತ್ಪಾದಕರ ಸಂಘಗಳ ಮುಂದೆ ಬೆಳಿಗ್ಗೆ 6ರಿಂದ 7.30ರವರೆಗೆ, ಹಾಲು ಹಾಕಲು ಬಂದವರಲ್ಲಿ ಮಾತಾಡಲು ಒಪ್ಪಿದ 120 ಜನರನ್ನು ಸಂದರ್ಶಿಸಿದೆ. ಇದು ಅನುಕೂಲದ ಮಾದರಿ. ಇವರಲ್ಲಿ 67 ಜನ ಪುರುಷರು. ಮಹಿಳೆಯರ ದುಡಿಮೆಯ ಅವಧಿಯನ್ನು ಪುರುಷರು ಅಂದಾಜಿನಿಂದ ಹೇಳಿದ್ದರಿಂದ ಆ ಪ್ರಶ್ನೆಗೆ ಈ ಹಂತದ ಉತ್ತರಗಳನ್ನು ಬಳಸಿಲ್ಲ. ಅದಕ್ಕಾಗಿ ಎರಡನೇ ಹಂತದಲ್ಲಿ ಆರೂ ಸಂಘಗಳ 720 ಸದಸ್ಯರ ಪಟ್ಟಿಯಿಂದ ಕ್ರಮಬದ್ಧ ಮಾದರಿಯಲ್ಲಿ 40 ಮನೆಗಳನ್ನು ಆರಿಸಿ, ಹಾಲು ಕರೆಯುವ ಮಹಿಳೆಯನ್ನೇ ಮನೆಯಲ್ಲಿ ಭೇಟಿಯಾಗಿ, ಹಿಂದಿನ ದಿನದ ದಿನಚರಿಯನ್ನು ಕೇಳಿ ಬರೆದುಕೊಂಡೆ.”

‘ಸಂದರ್ಶಿಸಿದೆ’ ಅಂತ ಬರೆದರೆ ನಡೆಯುತ್ತದಾ? ‘ಸಂದರ್ಶಿಸಲಾಯಿತು’ ಅಂತ ಬರೆಯಬೇಕು ಅಂತ ಕ್ಲಾಸಲ್ಲಿ ಹೇಳಿದ್ದರು.

ನಿವೃತ್ತ ಮೇಷ್ಟ್ರು, ತುಮಕೂರು

ಇದನ್ನು ಕಡಲೆಕಾಯಿಯವನು ಎತ್ತಿಕೊಳ್ಳಲು ಆಗಲ್ಲ. ಚೆನ್ನಾಗಿದೆ ಮಗಳೇ.

ನನಗಂತೂ ‘ಸಂದರ್ಶಿಸಿದೆ’ ಅನ್ನೋದೇ ಇಷ್ಟ. ಕನ್ನಡದಲ್ಲಿ ಸಾಲುಸಾಲಾಗಿ ‘ಲಾಯಿತು’ ಬಂದರೆ ಮಾಡಿದವರು ಯಾರೂ ಇಲ್ಲ ಅನ್ನಿಸುತ್ತದೆ. ಆದರೆ ಗೈಡ್ ‘ಲಾಯಿತು’ ಬೇಕು ಅಂದರೆ ಅವರ ಮಾತು ಕೇಳು. ಇದಕ್ಕೆ ಜಗಳ ಬೇಡ.

ಲೆಕ್ಕದ ಮೇಡಂ, ಚಿಂತಾಮಣಿ

40 ಅಂತ ಈಗಲೇ ಬರೆಯಬೇಡಿ. ಮುಗಿದ ಮೇಲೆ ಎಷ್ಟಾಯಿತೋ ಅದನ್ನು ಬರೆಯಿರಿ. ಪ್ರತಿ 18ನೇ ಹೆಸರು, ಶುರು 11ರಿಂದ ಅನ್ನೋದೂ ಇರಲಿ.

ಕರಾವಿನ ಮನೆ, ಮುಳಬಾಗಿಲು

ಸರಿ ಮೇಡಂ. ಇನ್ನೊಂದು ಅನುಮಾನ. ಇವತ್ತು ಹೋದ ಒಂದು ಮನೆ ಮೊದಲ ಸರ್ವೆಯಲ್ಲೂ ಬಂದಿತ್ತು, ಸದಸ್ಯರ ನಂಬರ್ ನೋಡಿ ಗೊತ್ತಾಯಿತು. ಅವತ್ತು ಗಂಡ ಎರಡು ಗಂಟೆ ಅಂದಿದ್ದರು. ಇವತ್ತು ಆ ಅಕ್ಕನ ನಿನ್ನೆಯ ದಿನ ಕೂಡಿಸಿದರೆ ಐದೂವರೆ ಗಂಟೆ ಬಂತು. ನಾನು ಕೂಡಿಸಿ ಹೇಳಿದಾಗ ಅವರು ನಂಬಲಿಲ್ಲ, ಇನ್ನೊಂದು ಸಲ ಎಣಿಸು ಅಂದರು. ಎಣಿಸಿದೆ, ಅಷ್ಟೇ ಬಂತು. ಇದು ಮೂರನೇ ಅಧ್ಯಾಯಕ್ಕಾ, ನಾಲ್ಕನೆಯದಕ್ಕಾ?

ಲೆಕ್ಕದ ಮೇಡಂ, ಚಿಂತಾಮಣಿ

ಎರಡು ಮತ್ತು ಐದೂವರೆ ನಾಲ್ಕನೇ ಅಧ್ಯಾಯಕ್ಕೆ. ಎರಡೂ ಹಂತದಲ್ಲಿ ಬಂದ ಮನೆಗಳನ್ನು ಹೇಗೆ ಗುರುತು ಹಿಡಿದಿರಿ ಅನ್ನೋದು ಮೂರನೆಯದಕ್ಕೆ. ಒಂದೇ ಮನೆಯಿಂದ ಏನನ್ನೂ ಹೇಳಬೇಡಿ, ಇನ್ನು 28 ಮನೆ ಇವೆ. ಸದಸ್ಯರ ನಂಬರ್ ತೆಗೆದು ನಿಮ್ಮದೇ ಸಂಕೇತ ಹಾಕಿ, ನಂಬರ್ ಇರುವ ಹಾಳೆಯನ್ನು ಬೇರೆ ಕಡೆ ಇಡಿ.

ಡೈರಿ ಕಾರ್ಯದರ್ಶಿ, ಮಾಲೂರು ತಾಲ್ಲೂಕು

ನಿನ್ನೆ ರಾತ್ರಿ ನಮ್ಮ ಮನೆಯವಳನ್ನೂ ಹಾಗೇ ಕೂರಿಸಿಕೊಂಡು ಕೇಳಿದೆ. ಆರೂಕಾಲು ಗಂಟೆ.